ಹಿಂದಕ್ಕೆ ನಡೆದ್ರೆ ಸರಿ, ಮುಂದಕ್ಕೆ ನಡೆದ್ರೆ ಕಾಲು ಎಳೆಯುತ್ತೆ: ಫಂಕ್ಷನಲ್ ನಡಿಗೆ ತೊಂದರೆ ಇರೋರು ಇದ್ದೀರಾ?

ಎಡಗಾಲು

ನಮಸ್ಕಾರ. ಬಹಳ ದಿನದಿಂದ ಬರೀ ಓದ್ತಾ ಇದ್ದೆ, ಬರೀತಿರೋದು ಈಗ್ಲೇ.

ಪಾದ ಉಳುಕಿತ್ತು. ಉಳುಕು ವಾಸಿಯಾಯ್ತು, ನಡಿಗೆ ಮಾತ್ರ ವಾಪಸ್ ಬರಲಿಲ್ಲ. ಎಡಗಾಲನ್ನ ಸೊಂಟದಿಂದ ಎಳ್ಕೊಂಡು ಬರ್ತೀನಿ. ಬೆರಳಿನ ಕಡೆ ಭಾಗ ನೆಲ ಬಿಡೋದೇ ಇಲ್ಲ, ಪಾದ ಹೊರಗೆ ತಿರುಗಿರುತ್ತೆ, ಚಪ್ಪಲಿಯ ಒಳ ಅಂಚು ಮಾತ್ರ ಸವೆದು ಹೋಗಿದೆ. ಎಂಆರ್‌ಐ, ನರಗಳ ಪರೀಕ್ಷೆ ಎಲ್ಲಾ ಮುಗಿದ ಮೇಲೆ ನರರೋಗ ತಜ್ಞರು ಫಂಕ್ಷನಲ್ ಗೇಟ್ ಡಿಸಾರ್ಡರ್ ಅಂತ ಬರೆದುಕೊಟ್ರು. ಅಂದ್ರೆ ನರಗಳಿಗೆ ಪೆಟ್ಟಾಗಿಲ್ಲ, ಮಿದುಳು ನಡಿಗೆಯನ್ನ ನಡೆಸೋ ರೀತಿ ತಪ್ಪಿದೆ ಅಂತ. ಎಫ್‌ಎನ್‌ಡಿ (ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್) ಗುಂಪಿಗೆ ಸೇರಿದ್ದಂತೆ.

ಬರೀ ಕಾಲಿನ ಗೋಳಾಗಿದ್ರೆ ಹೇಗೋ ಇರ್ತಿದ್ದೆ. ಹಿಂದಕ್ಕೆ ನಡೆದ್ರೆ ಇದೇ ಕಾಲು ಸರಿಯಾಗೇ ಬರುತ್ತೆ. ಮೆಟ್ಟಿಲು ಹತ್ತೋದು ಸಮತಟ್ಟು ನೆಲಕ್ಕಿಂತ ವಾಸಿ. ಮೊನ್ನೆ ಮಗು ಮಂಚದಿಂದ ಜಾರ್ತಿತ್ತು, ಓಡಿ ಹೋಗಿ ಹಿಡಿದೆ. ಎತ್ಕೊಂಡು ವಾಪಸ್ ಬರುವಾಗ ಕಾಲು ಮತ್ತೆ ಎಳೀತು. ಮನೇಲಿ ಎಲ್ಲರೂ ನೋಡಿದ್ರು. ಆಗ ಯಾರೂ ಏನೂ ಅನ್ನಲಿಲ್ಲ. ರಾತ್ರಿ ಒಬ್ಬರು ಯಾರಿಗೋ ಹೇಳೋ ಹಾಗೆ ನನಗೆ ಕೇಳಿಸೋ ಹಾಗೆ ಅಂದ್ರು, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ'.

ಇಂಥೋರಿಗೆ ಏನಂತ ಉತ್ತರ ಕೊಡ್ತೀರಿ? ಮತ್ತೆ, ನಿಮ್ಮಲ್ಲಿ ನಿಜವಾಗ್ಲೂ ಸುಧಾರಿಸಿದವರು ಯಾರಾದ್ರೂ ಇದ್ದೀರಾ?

ಮಂಡಿಚಿಪ್ಪು

ಸ್ವಾಗತ ಅನ್ನೋಕೆ ಬೇಜಾರು, ಆದ್ರೂ ಸ್ವಾಗತ. ನನ್ನದು ಎಳೆಯೋ ಕಾಲಲ್ಲ, ಕುಸಿಯೋ ಮಂಡಿ. ನಡೀತಾ ನಡೀತಾ ಬಲಮಂಡಿ ಇದ್ದಕ್ಕಿದ್ದ ಹಾಗೆ ಕೈಕೊಡುತ್ತೆ. ಮೂರು ಸಲ ಕುಸಿದು ಎರಡು ಸಲ ನಾನೇ ಸಾವರಿಸ್ಕೊಂಡ್ರೆ, ನೋಡೋರು ಆ ಎರಡನ್ನೇ ಎಣಿಸ್ತಾರೆ.

ನನಗೆ ರೋಗದ ಮೇಲೆ ನಂಬಿಕೆ ಬಂದಿದ್ದು ಸ್ಕ್ಯಾನ್ ನೋಡಿ ಅಲ್ಲ. ಡಾಕ್ಟರು ಮಲಗಿಸಿ, ಬಲ ಹಿಮ್ಮಡಿ ಕೆಳಗೆ ಅಂಗೈ ಇಟ್ಟು, 'ನನ್ನ ಕೈಯನ್ನ ಹಾಸಿಗೆಗೆ ಒತ್ತಿ' ಅಂದ್ರು. ಹಲ್ಲು ಕಚ್ಚಿ ಒತ್ತಿದೆ. ಹಣೆಯಲ್ಲಿ ಬೆವರು ಬಂತು, ಹಿಮ್ಮಡಿಗೆ ಬಲ ಬರಲಿಲ್ಲ. ಕೈ ಅಲ್ಲೇ ಬಿಟ್ಟು, ಇನ್ನೊಂದು ಕೈಯನ್ನ ಎಡ ತೊಡೆ ಮೇಲಿಟ್ಟು, 'ಈಗ ಎಡಗಾಲು ಎತ್ತಿ, ನಾನು ತಡೀತೀನಿ, ಎಡಗಾಲಿನ ಕಡೆಗೇ ಗಮನ ಇರಲಿ' ಅಂದ್ರು. ಎತ್ತಿದೆ. 'ನಿಮ್ಮ ಬಲಗಾಲು ಈಗ ಏನು ಮಾಡ್ತಿದೆ ಗೊತ್ತಾಯ್ತಾ?' ಅಂತ ಕೇಳಿದ್ರು. ಬಲ ಹಿಮ್ಮಡಿ ಅವರ ಕೈಯನ್ನ ಹಾಸಿಗೆಗೆ ಅದುಮಿ ಹಿಡಿದಿತ್ತು! ಅದೇ ಕಾಲು, ಅದೇ ಸ್ನಾಯು. ನಾನು ಕೇಳಿದ್ರೆ ಕೊಡಲ್ಲ, ಕೇಳದೇ ಇದ್ದಾಗ ತಾನೇ ಕೊಡುತ್ತೆ.

ಇದನ್ನ ಹೂವರ್ ಚಿಹ್ನೆ ಅಂತಾರೆ, ಚಾರ್ಲ್ಸ್ ಹೂವರ್ ಅನ್ನೋ ಅಮೆರಿಕದ ವೈದ್ಯರು 1908ರಲ್ಲಿ ವಿವರಿಸಿದ್ದು. ನಿಮ್ಮ ಹಿಂದಕ್ಕೆ ನಡೆಯೋ ವಿಷಯವೂ ಇದೇ ಜಾತಿಯದ್ದು. ಮನೆಯವರು ನಿಮ್ಮ ವಿರುದ್ಧ ಹಿಡಿದಿರೋ ಸಾಕ್ಷಿ ಇದೆಯಲ್ಲ, ಡಾಕ್ಟರು ರೋಗ ಹೆಸರಿಸಿದ್ದೂ ಅದೇ ಸಾಕ್ಷಿಯ ಮೇಲೆ. ನಾನಂತೂ ಮನೆಯವರನ್ನೇ ಕರೆದು ಹಾಸಿಗೆ ಪಕ್ಕ ಕೂರಿಸಿ, ಅವರ ಕೈಯನ್ನೇ ಹಿಮ್ಮಡಿ ಕೆಳಗೆ ಇಡಿಸಿ ತೋರಿಸಿದೆ. ಮಾತಲ್ಲಿ ಆಗದಿದ್ದದ್ದು ಅಲ್ಲಿ ಆಯ್ತು.

ಸುಮ್ನೆ_ಓದುಗ

ತಪ್ಪು ತಿಳ್ಕೋಬೇಡಿ. ರಿಪೋರ್ಟ್ ಎಲ್ಲಾ ನಾರ್ಮಲ್, ಗಮನ ಬೇರೆ ಕಡೆ ಹೋದ್ರೆ ಸರಿ ನಡೀತೀರಿ ಅಂದ್ಮೇಲೆ ಇದು ಮನಸ್ಸಿನ ಒತ್ತಡ ಅಷ್ಟೇ ತಾನೇ? ಇಂಗ್ಲಿಷ್ ಹೆಸರು ಇಟ್ಟ ಮಾತ್ರಕ್ಕೆ ನರರೋಗ ಆಗುತ್ತಾ? ಒಳ್ಳೇ ಕೌನ್ಸೆಲಿಂಗ್ ತಗೊಂಡ್ರೆ ಮುಗೀತಲ್ಲ.

ಪಾದಯಾತ್ರಿ

ನಾನು ಫಿಸಿಯೋಥೆರಪಿಸ್ಟ್, ನರ ಸಂಬಂಧಿ ರೋಗಿಗಳ ಜೊತೆಗೇ ಕೆಲಸ. ಓದುಗರೇ, ನಿಮ್ಮ ಪ್ರಶ್ನೆ ಹಳೇ ಪುಸ್ತಕದ್ದು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದಕ್ಕೆ ಮಾನಸಿಕ ಕಾರಣ ತೋರಿಸಲೇಬೇಕು ಅಂತಿತ್ತು. ಐದನೇ ಆವೃತ್ತಿ ಬಂದಾಗ ಆ ಷರತ್ತು ಕಿತ್ತುಹಾಕಿದ್ರು. ಈಗ ಬೇಕಾಗಿರೋದು ಪರೀಕ್ಷೆಯಲ್ಲಿ ಕಾಣೋ ಲಕ್ಷಣ: ಹೂವರ್ ಚಿಹ್ನೆ, ನಡಿಗೆಯ ಮಾದರಿ, ಗಮನ ಸರಿದಾಗ ಆಗೋ ಬದಲಾವಣೆ. 'ಏನೂ ಸಿಗಲಿಲ್ಲ, ಹಾಗಾಗಿ ಇದು' ಅಂತ ಹೇಳೋ ಕಾಲ ಹೋಯ್ತು.

ಒತ್ತಡ ಕೆಲವರಲ್ಲಿ ಪಾತ್ರ ವಹಿಸುತ್ತೆ, ಅಲ್ಲ ಅನ್ನಲ್ಲ. ಆದ್ರೆ ಎಷ್ಟೋ ಜನರಲ್ಲಿ ಶುರುವಾಗೋದು ಸಣ್ಣ ಪೆಟ್ಟು, ಆಪರೇಷನ್, ಮೈಗ್ರೇನ್, ಜ್ವರ, ಪ್ಯಾನಿಕ್ ಅಟ್ಯಾಕ್ ಇಂಥದ್ದರಿಂದ. ಎಡಗಾಲು ಅವರದ್ದೇ ನೋಡಿ, ಉಳುಕು. ನೋವಿದ್ದಾಗ ಕಾಲನ್ನ ಕಾಪಾಡಿಕೊಂಡು ನಡೆಯೋದು ಸಹಜ. ನೋವು ಹೋದ ಮೇಲೂ ಮಿದುಳು ಅದೇ ನಡಿಗೆಯನ್ನ ನಿರೀಕ್ಷಿಸ್ತಾ ಇರುತ್ತೆ, ಗಮನ ಕಾಲಿಗೇ ಕಚ್ಚಿಕೊಂಡಿರುತ್ತೆ. ನಡಿಗೆ ಅನ್ನೋದು ಗಮನ ಕೊಟ್ಟಷ್ಟೂ ಕೆಡೋ ಕೆಲಸ. ನೀವು ಮೆಟ್ಟಿಲು ಇಳಿಯುವಾಗ ಪ್ರತಿ ಪಾದ ಎಲ್ಲಿ ಬೀಳುತ್ತೆ ಅಂತ ಯೋಚಿಸಿ ನೋಡಿ, ನೀವೂ ಎಡವ್ತೀರಿ.

ಇನ್ನು ನಟನೆ ಅನ್ನೋ ಮಾತು. ಫಂಕ್ಷನಲ್ ಚಲನೆ ಇರೋರ ಮಿದುಳಿನ ಸ್ಕ್ಯಾನ್‌ಗಳಲ್ಲಿ, ತಲೆಯ ಬಲಬದಿಯಲ್ಲಿ ಟೆಂಪೊರಲ್ ಮತ್ತು ಪರೈಟಲ್ ಭಾಗ ಸೇರೋ ಜಾಗ ಕಡಿಮೆ ಕೆಲಸ ಮಾಡೋದು ಕಂಡಿದೆ. 'ಈ ಚಲನೆ ಮಾಡಿದ್ದು ನಾನೇ' ಅನ್ನೋ ಅನುಭವಕ್ಕೂ ಆ ಜಾಗಕ್ಕೂ ನಂಟಿದೆ. ಬೇಕಂತ ಮಾಡೋ ಕೆಲಸದಲ್ಲಿ ಆ ಅನುಭವ ಇದ್ದೇ ಇರುತ್ತೆ, ಇವರಿಗೆ ಅದು ತಪ್ಪಿಹೋಗಿರುತ್ತೆ.

ಹಳೇ_ಸಂಪುಟ

ಒಂದು ಅಡ್ಡ ಮಾತು. ಇದು ಇಂಟರ್ನೆಟ್ ಕಾಲದ ಕಾಯಿಲೆ ಅಂತ ಯಾರಾದ್ರೂ ಅಂದ್ರೆ 1888ಕ್ಕೆ ಕಳಿಸಿ. ಪ್ಯಾರಿಸ್ಸಿನಲ್ಲಿ ಹೆಸರಾಂತ ನರವೈದ್ಯ ಷಾರ್ಕೋ ಅವರ ಬಳಗದ ಪಾಲ್ ಬ್ಲಾಕ್ ಆ ವರ್ಷ ಒಂದು ವರದಿ ಬರೆದ. ಮಲಗಿದ್ದಾಗ ಕಾಲು ಚೆನ್ನಾಗಿ ಆಡಿಸಬಲ್ಲ, ಆದ್ರೆ ನಿಲ್ಲೋಕೆ ನಡೆಯೋಕೆ ಆಗದ ರೋಗಿಗಳ ಬಗ್ಗೆ. ಅಸ್ಟೇಸಿಯಾ ಅಬೇಸಿಯಾ ಅಂತ ಹೆಸರು. ಆಮೇಲೆ ಈ ರೋಗಿಗಳನ್ನ ನರವೈದ್ಯರು ಮನೋವೈದ್ಯರ ಕಡೆ ತಳ್ಳಿದ್ರು, ಅವರು ಇವರ ಕಡೆ ತಳ್ಳಿದ್ರು, ನೂರು ವರ್ಷ ಹಾಗೇ ಕಳೀತು. ನಮ್ಮಲ್ಲಿ ಈಗಲೂ ಎಷ್ಟೋ ಜನ ಆ ನೂರು ವರ್ಷದ ಒಳಗೇ ಸಿಕ್ಕಿಹಾಕ್ಕೊಂಡಿದ್ದಾರೆ.

ತಂಗಿಯ_ಅಣ್ಣ

ನಮ್ಮ ತಂಗಿಗೆ ಐತ್ರಿ ಇದು. ಆಕಿ ನಡಿಗಿ ಹೆಂಗಂದ್ರ, ಎರಡೂ ಕೈ ಅಗಲ ಮಾಡಿ, ಹಗ್ಗದ ಮ್ಯಾಲ ನಡದಂಗ. ಬೀಳ್ತಾಳ ಬೀಳ್ತಾಳ ಅಂತ ನಾವು ಜೀವ ಕೈಯಾಗ ಹಿಡಕೊಂಡು ಓಡ್ತಿದ್ವಿ, ಆಕಿ ಬೀಳ್ತಿದ್ದಿಲ್ಲ. ಮಂದಿ ಅದನ್ನ ನೋಡೇ ನಾಟಕ ಅಂತಿದ್ರು. ಆಕಿ ಥೆರಪಿಸ್ಟ್ ಹೇಳಿದ್ದು ಬ್ಯಾರೇನರಿ: ಅಷ್ಟು ವಾಲಾಡಿ ಬೀಳದಂಗ ನಿಲ್ಲಬೇಕಂದ್ರ ಬ್ಯಾಲೆನ್ಸ್ ಎಷ್ಟು ಗಟ್ಟಿ ಇರಬೇಕು ನೋಡ್ರಿ, ಅದ ನಮ್ಮ ಬಂಡವಾಳ ಅಂದ್ರು.

ಮನಿಯವರಿಗೂ ಕಟ್ಟಳೆ ಹಾಕಿದ್ರು. ಆಕಿ ನಡಿಯುವಾಗ 'ಹುಷಾರು' ಅನ್ನಂಗಿಲ್ಲ. ಮೊಳಕೈ ಹಿಡಿಯಂಗಿಲ್ಲ. ಕಾಲಿನ ಕಡೆ ನೋಡಂಗಿಲ್ಲ. ಬಾಜೂಕ ನಡಕೋತ ಬ್ಯಾರೆ ಸುದ್ದಿ ಮಾತಾಡಬೇಕು, ಅದೂ ಉತ್ತರ ಬೇಡೋ ಸುದ್ದಿ. ಕೇಳಾಕ ಸಣ್ಣ ಮಾತ್ರಿ, ಮಾಡಾಕ ಭಾಳ ಕಠಿಣ. ಕೈ ತಾನ ಮುಂದ ಹೋಗತೈತಿ. ನಮ್ಮವ್ವ ಕೈ ಹಿಂದ ಕಟಗೊಂಡ ನಡೀತಾಳ ಈಗ.

ಎಡಗಾಲು

ಎಲ್ಲರಿಗೂ ಥ್ಯಾಂಕ್ಸ್. ಅಣ್ಣಾ, ನಿಮ್ಮ ಅಮ್ಮನ ಕೈ ನೆನಸಿಕೊಂಡು ನಕ್ಕೆ.

ಪಾದಯಾತ್ರಿ ಅವರೇ, ನನಗೆ ಹಿಂದೆ ಕೊಟ್ಟಿದ್ದ ಫಿಸಿಯೋ ಅಂದ್ರೆ ಮಲಗಿ ಕಾಲೆತ್ತೋದು, ಮರಳಿನ ತೂಕ ಕಟ್ಕೊಳ್ಳೋದು. ಕಾಲಿಗೆ ಬಲ ಬಂದಿರಬಹುದು, ನಡಿಗೆ ಇದ್ದ ಹಾಗೇ ಇದೆ. ಎಫ್‌ಎನ್‌ಡಿಗೆ ಬೇರೆ ತರಹ ಮಾಡ್ತಾರಾ?

ಪಾದಯಾತ್ರಿ

ಮಾಡ್ತಾರೆ. ನಿಮ್ಮ ಸ್ನಾಯು ಸೋತಿಲ್ಲ, ಅದನ್ನ ಕರೆಯೋ ರೀತಿ ತಪ್ಪಿದೆ. ತೂಕ ಕಟ್ಟಿ ಕಾಲೆತ್ತಿಸಿದ್ರೆ ಗಮನ ಇನ್ನೂ ಆ ಕಾಲಿಗೇ ಹೋಗುತ್ತೆ. ಹಾಗಾಗಿ ನಾವು ಪಕ್ಕದ ಬಾಗಿಲಿಂದ ಹೋಗ್ತೀವಿ.

ಮೊದಲು, ಸರಿಯಾಗಿ ಬರೋ ಚಲನೆ ಯಾವುದು ಅಂತ ಹುಡುಕ್ತೀವಿ. ಕೆಲವರಿಗೆ ಹಿಂದಕ್ಕೆ ನಡೆಯೋದು, ಕೆಲವರಿಗೆ ಅಡ್ಡಡ್ಡ ಹೆಜ್ಜೆ, ಕೆಲವರಿಗೆ ಓಟ, ಕೆಲವರಿಗೆ ನೃತ್ಯದ ಹೆಜ್ಜೆ. ಚಕ್ರ ಇರೋ ಕುರ್ಚಿ ಮೇಲೆ ಕೂರಿಸಿ, ಎರಡೂ ಪಾದದಿಂದ ನೆಲ ತಳ್ಳಿಕೊಂಡು ಮುಂದೆ ಹೋಗೋಕೆ ಹೇಳ್ತೀವಿ. ನಿಂತ್ರೆ ಒಂದಡಿ ಕಿತ್ತಿಡಲಾರದವರು ಕೂತು ಕೋಣೆ ಪೂರ್ತಿ ಸುತ್ತಿದ್ದನ್ನ ನೋಡಿದ್ದೀನಿ. ಕೂತಾಗ ಮಿದುಳು ಅದನ್ನ ನಡಿಗೆ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಅಲ್ಲಿದೆ ಗುಟ್ಟು.

ನಿಮ್ಮ ವಿಷಯದಲ್ಲಿ ನಾನು ಹೀಗೆ ಶುರು ಮಾಡ್ತಿದ್ದೆ. ಹೆಜ್ಜೆ ಇಡಬೇಡಿ. ನಿಂತ್ಕೊಂಡು ಭಾರವನ್ನ ಎಡಕ್ಕೆ ಬಲಕ್ಕೆ ತೂಗಿ, ನಿಧಾನಕ್ಕೆ. ತೂಗ್ತಾ ತೂಗ್ತಾ ಭಾರ ಇಲ್ಲದ ಪಾದವನ್ನ ಸ್ವಲ್ಪ ಮುಂದೆ ಜಾರಿಸಿ, ಎತ್ತೋ ಗೋಜಿಗೆ ಹೋಗಬೇಡಿ. ಜಾರುಹೆಜ್ಜೆ ಲಯಕ್ಕೆ ಬಂದ ಮೇಲೆ ಅದು ತಾನಾಗೇ ಹೆಜ್ಜೆ ಆಗ್ತಾ ಹೋಗುತ್ತೆ. ಕಣ್ಣು ಎದುರುಗಡೆ ಗೋಡೆ ಮೇಲೆ. ಎಡಗಾಲಿಗೆ ಆಜ್ಞೆ ಕೊಡಬೇಡಿ, 'ಗೋಡೆ ಹತ್ತಿರ ಬರಲಿ' ಅಂದ್ಕೊಳ್ಳಿ. ಕೆಲವರಿಗೆ ಟ್ರೆಡ್‌ಮಿಲ್ ಒಳ್ಳೇದು, ಕೆಲವರಿಗೆ ಹೆಡ್‌ಫೋನಿನಲ್ಲಿ ತಾಳ. ವಿಡಿಯೋ ತೆಗೆಸಿಕೊಳ್ಳಿ, ಕೆಟ್ಟ ನಡಿಗೆಯದ್ದಲ್ಲ, ಸರಿ ಬಂದಾಗಿನದ್ದು. ಇದನ್ನ ತಿಳಿದ ಥೆರಪಿಸ್ಟ್ ಪಕ್ಕದಲ್ಲಿದ್ದು ಮಾಡಿಸಿದ್ರೆ ಉತ್ತಮ, ಮೊದಮೊದಲಂತೂ ಕೈಗೆಟುಕೋ ಹಾಗೆ ಗೋಡೆಯೋ ಮೇಜೋ ಇರಲಿ.

ಸುಮ್ನೆ_ಓದುಗ

ಓದ್ತಾ ಇದ್ದೀನಿ. ಒಂದು ಡೌಟ್. ಗಮನ ಬೇರೆಡೆ ಇದ್ರೆ ಸರಿ ಹೋಗುತ್ತೆ ಅಂದ್ರೆ ಯಾವಾಗ್ಲೂ ಹಾಡು ಕೇಳ್ತಾ ನಡೆದ್ರೆ ಆಯ್ತಲ್ಲ?

ಮಂಡಿಚಿಪ್ಪು

ನೀವು ಕೇಳಿದ್ದನ್ನೇ ನಾನೂ ಮಾಡಿದೆ ಸರ್. ಹೊಸ ಹಾಡು ಇರೋವರೆಗೆ ಕೆಲಸ ಮಾಡ್ತು. ಹಾಡು ಹಳೇದಾದ ಹಾಗೆ ಗಮನ ಮತ್ತೆ ಮಂಡಿಗೆ ಇಳೀತು. ಅದೂ ಅಲ್ದೆ, ಯೋಚನೆ ಮಾಡಬಾರದು ಅನ್ನೋದನ್ನೇ ಯೋಚನೆ ಮಾಡ್ತಾ ಎಷ್ಟು ದೂರ ನಡೀತೀರಿ? ಹಾಡು, ಲೆಕ್ಕ, ಹಿಂದಕ್ಕೆ ನಡೆಯೋದು, ಇವೆಲ್ಲ ಸರಿಯಾದ ನಡಿಗೆ ಒಳಗೆ ಇದೆ ಅಂತ ತೋರಿಸೋಕೆ. ಅದು ಅಭ್ಯಾಸಕ್ಕೆ ಬರಬೇಕಾದ್ರೆ ಸಾವಿರಾರು ಸಲ ಬರಬೇಕು. ಮುಖ್ಯವಾಗಿ, ಈ ಕಾಯಿಲೆ ಜೊತೆ ಬರೋ ಸುಸ್ತು. ಈ ಸುಸ್ತು ನಿದ್ದೆ ಮಾಡಿದ್ರೆ ಹೋಗೋದಲ್ಲ.

ಚಕ್ರದ_ಕುರ್ಚಿ

ಕಹಿ ಮಾತು ಹೇಳೋಕೆ ಬಂದೆ, ಕ್ಷಮಿಸಿ.

ನನಗೆ ಇದು ವರ್ಷಗಳಿಂದ ಇದೆ. ಮೇಲೆ ಹೇಳಿದ ಜಾರುಹೆಜ್ಜೆ, ತೂಗಾಟ, ಟ್ರೆಡ್‌ಮಿಲ್ ಎಲ್ಲಾ ಆಗಿದೆ, ತಿಳಿದವರ ಹತ್ರಾನೇ. ಮನೆ ಒಳಗೆ ನಡೀತೀನಿ, ಹೊರಗೆ ವೀಲ್‌ಚೇರ್. ಇಂಥ ಕಡೆ ಬಂದಾಗೆಲ್ಲ ಕೇಳೋದು 'ನರಗಳ ದಾರಿ ಹಾಳಾಗಿಲ್ಲ, ವಾಸಿಯಾಗಬಹುದು' ಅನ್ನೋ ಮಾತು. ಈ ಮಾತಿಗೊಂದು ಬಾಲ ಇದೆ, ಅದನ್ನ ಯಾರೂ ಬರೆಯಲ್ಲ: ವಾಸಿಯಾಗಲಿಲ್ಲ ಅಂದ್ರೆ ನೀನು ಸರಿಯಾಗಿ ಪ್ರಯತ್ನ ಪಡಲಿಲ್ಲ. ಮೊದಲು ನಾಟಕ ಅಂತಿದ್ರು, ಈಗ ಸೋಮಾರಿ ಅಂತಾರೆ.

ಅಂಕಿ ಬೇಕಾದ್ರೆ ನೋಡಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ 355 ಜನರ ಮೇಲೆ ನಡೆದ ಫಿಸಿಯೋ4ಎಫ್‌ಎಂಡಿ ಅನ್ನೋ ದೊಡ್ಡ ಅಧ್ಯಯನ 2024ರಲ್ಲಿ ಪ್ರಕಟವಾಯ್ತು. ವಿಶೇಷ ಫಿಸಿಯೋಗೂ ಮಾಮೂಲು ಚಿಕಿತ್ಸೆಗೂ, ಒಂದು ವರ್ಷದ ಕೊನೆಗೆ ದೈಹಿಕ ಸಾಮರ್ಥ್ಯದ ಮುಖ್ಯ ಅಳತೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ.

ಪಾದಯಾತ್ರಿ

ನೀವು ಹೇಳಿದ ಬಾಲದ ಮಾತು ನೂರಕ್ಕೆ ನೂರು ನಿಜ. ನಮ್ಮ ವೃತ್ತಿಯವರೇ ಕೆಲವರು ಹಾಗೆ ಮಾತಾಡ್ತಾರೆ.

ಅಧ್ಯಯನದ ಬಗ್ಗೆ ಎರಡು ಮಾತು ಸೇರಿಸ್ತೀನಿ. ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಬರಲಿಲ್ಲ, ಸರಿ. ಆದ್ರೆ 'ನನ್ನ ಚಲನೆ ಸುಧಾರಿಸಿದೆ' ಅಂದವರು ವಿಶೇಷ ಫಿಸಿಯೋ ಗುಂಪಿನಲ್ಲಿ ಹೆಚ್ಚಿದ್ರು. ಆ ಅಧ್ಯಯನ ಎಲ್ಲಾ ಬಗೆಯ ಚಲನೆಯ ತೊಂದರೆ ಸೇರಿಸಿದ್ದು, ನಡಿಗೆಯದ್ದೊಂದೇ ಅಲ್ಲ. ನಡಿಗೆಯದ್ದೇ ಬೇಕಂದ್ರೆ 2014ರಲ್ಲಿ ನಾರ್ವೆಯಿಂದ 60 ಜನರ ಅಧ್ಯಯನ ಬಂದಿದೆ. ಮೂರು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು ಪುನಶ್ಚೇತನ ಕೊಟ್ಟಿದ್ರು. ನಡಿಗೆ ಚೆನ್ನಾಗಿ ಸುಧಾರಿಸಿತ್ತು, ಒಂದು ವರ್ಷ ಆದ ಮೇಲೂ ಅದು ಉಳಿದಿತ್ತು. ಎರಡೂ ನಿಜ. ಕೆಲವರಿಗೆ ಬೇಗ ಬರುತ್ತೆ, ಕೆಲವರಿಗೆ ಅರ್ಧ ಬರುತ್ತೆ, ಕೆಲವರಿಗೆ ಬರಲ್ಲ. ಬರದಿದ್ದವರ ವೀಲ್‌ಚೇರ್ ಕಿತ್ಕೊಳ್ಳೋದು ಚಿಕಿತ್ಸೆ ಅಲ್ಲ.

ಎಡಗಾಲು

ಕೋಲಿನ ಬಗ್ಗೆ ಏನಂತೀರಿ? ನನಗೆ ಒಬ್ಬರು ತಗೋ ಅಂದ್ರು, ಇನ್ನೊಬ್ಬರು ಮುಟ್ಟಲೇಬೇಡ ಅಂದ್ರು.

ಪಾದಯಾತ್ರಿ

ಇಬ್ಬರ ಮಾತಲ್ಲೂ ಹುರುಳಿದೆ. ಕೋಲು ಸಿಕ್ಕ ಕೂಡಲೇ ದೇಹ ಅದರ ಮೇಲೆ ವಾಲಿ, ಕೆಟ್ಟ ನಡಿಗೆ ಇನ್ನೂ ಗಟ್ಟಿಯಾಗಬಹುದು, ಹೆಗಲು ಸೊಂಟ ನೋಯೋಕೆ ಶುರುವಾಗಬಹುದು. ಸುಧಾರಿಸೋ ಹಂತದಲ್ಲಿ ಇರೋರಿಗೆ ಆದಷ್ಟು ತಡ ಮಾಡಿ ಅಂತೀನಿ. ಆದ್ರೆ ಕೋಲಿಲ್ಲ ಅಂತ ಮನೆಯಲ್ಲೇ ಕೂತ್ರೆ ಅದಕ್ಕಿಂತ ಕೆಟ್ಟದ್ದು. ಬೇಕೇ ಬೇಕು ಅಂದ್ರೆ ಚಾರಣದವರು ಹಿಡಿಯೋ ಥರದ ಎರಡು ಕೋಲು, ಎರಡೂ ಕೈಗೆ. ನಡಿಗೆ ಸಮ ಬರುತ್ತೆ. ಪಟ್ಟಿ, ಬೆಲ್ಟು, ಕಾಲು ಕಟ್ಟಿಹಾಕೋ ಸ್ಪ್ಲಿಂಟ್ ಬಗ್ಗೆ ಮಾತ್ರ ನನಗೆ ಭಯ ಇದೆ. ಕಟ್ಟಿಹಾಕಿದ ಕಾಲು ಕೆಲವರಲ್ಲಿ ತಿರುಚಿಕೊಂಡು ಹಾಗೇ ಬಿಗಿದುಬಿಡುತ್ತೆ.

ಚಕ್ರದ_ಕುರ್ಚಿ

ನನ್ನ ಕಡೆಯಿಂದ ಒಂದು ಸೇರಿಸಿ. ವೀಲ್‌ಚೇರ್‌ನಿಂದ ಎದ್ದು ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದ್ರೆ ಜನ ಪವಾಡ ನೋಡಿದ ಹಾಗೆ ನೋಡ್ತಾರೆ. ವೀಲ್‌ಚೇರ್ ಬಳಸೋರಲ್ಲಿ ಎಷ್ಟೋ ಜನ ಒಂದಿಷ್ಟು ನಡೆಯಬಲ್ಲರು, ಯಾವ ಕಾಯಿಲೆ ಇದ್ರೂ. ವಿವರಣೆ ಕೊಡೋದನ್ನ ನಾನು ಬಿಟ್ಟುಬಿಟ್ಟಿದ್ದೀನಿ. ಬೇಕಾದ್ದು ತಗೊಂಡು ಕೂತ್ಕೋತೀನಿ, ಅಷ್ಟೇ.

ಅರ್ಧ_ದಿನ

ಆಫೀಸಿನ ಬಗ್ಗೆ ಯಾರೂ ಬರೀಲಿಲ್ಲ, ನಾನು ಬರೀತೀನಿ. ನನಗೆ ಬೆಳಿಗ್ಗೆ ನಡಿಗೆ ಹೆಚ್ಚುಕಮ್ಮಿ ಸರಿ, ಮಧ್ಯಾಹ್ನದ ಮೇಲೆ ಮಂಜುಗಡ್ಡೆ ಮೇಲೆ ನಡೆದ ಹಾಗೆ ಪುಟ್ಟಪುಟ್ಟ ಹೆಜ್ಜೆ. ಬೆಳಿಗ್ಗೆ ನೋಡಿದವರು ಸಂಜೆ ನಂಬಲ್ಲ, ಸಂಜೆ ನೋಡಿದವರು ಬೆಳಿಗ್ಗೆ ಹುಬ್ಬೇರಿಸ್ತಾರೆ. ಕೊನೆಗೆ ಮೇಲಧಿಕಾರಿಗೆ ಬರೆದುಕೊಟ್ಟದ್ದು ಇಷ್ಟು: 'ನನಗೆ ನಡಿಗೆಯನ್ನ ನಿಯಂತ್ರಿಸೋ ಮಿದುಳಿನ ಕಾರ್ಯದಲ್ಲಿ ತೊಂದರೆ ಇದೆ. ಇದು ಗಂಟೆಯಿಂದ ಗಂಟೆಗೆ ಬದಲಾಗುತ್ತೆ, ಬದಲಾಗೋದೇ ಇದರ ಲಕ್ಷಣ. ಬಿದ್ದರೆ ಎತ್ತೋ ಅವಸರ ಬೇಡ, ನಾನು ಕೇಳ್ತೀನಿ.' ವೈದ್ಯರ ಪತ್ರ ಜೊತೆಗಿಟ್ಟೆ. ಹೆಚ್ಚು ವಿವರಿಸಿದಷ್ಟೂ ಜನ ಅದರಲ್ಲಿ ಕಥೆ ಹುಡುಕ್ತಾರೆ, ಅದಕ್ಕೇ ಚಿಕ್ಕದಾಗಿರಲಿ.

ಸುಸ್ತಿನ ವಿಷಯ: ಚೆನ್ನಾಗಿರೋ ದಿನ ಬಾಕಿ ಕೆಲಸ ಎಲ್ಲಾ ಮುಗಿಸಿಬಿಡೋಣ ಅನ್ನಿಸುತ್ತೆ. ಮುಗಿಸಿದ್ರೆ ಮುಂದಿನ ಎರಡು ದಿನ ಗೋವಿಂದ. ಈಗ ಒಳ್ಳೇ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ, ಒಂದೇ ಅಳತೆಯ ನಡಿಗೆ. ಚೆನ್ನಾಗಿರುವಾಗಲೇ ನಿಲ್ಲಿಸೋದು ಕಷ್ಟ, ಹೊಟ್ಟೆ ಉರಿಯುತ್ತೆ.

ಹಳೇ_ಸಂಪುಟ

ಇನ್ನೊಂದು ಎಚ್ಚರಿಕೆ. ರೋಗನಿರ್ಣಯ ತಪ್ಪಾಗಿರಬಹುದಾ ಅನ್ನೋ ಭಯ ಎಲ್ಲರಿಗೂ ಇರುತ್ತೆ. ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ ಒಂದು ವಿಶ್ಲೇಷಣೆ 2005ರಲ್ಲಿ ಬಂತು. 1970ರ ದಶಕದಿಂದೀಚೆಗೆ ತಪ್ಪಿನ ಪ್ರಮಾಣ ಸುಮಾರು ಶೇ 4. ಬೇರೆ ನರರೋಗಗಳಲ್ಲೂ ಅಷ್ಟು ತಪ್ಪು ಆಗುತ್ತೆ. ಆದ್ರೆ ಎಫ್‌ಎನ್‌ಡಿ ಇದೆ ಅಂದ ಮಾತ್ರಕ್ಕೆ ಬೇರೆ ಏನೂ ಬರಲ್ಲ ಅಂತಿಲ್ಲ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್), ಪಾರ್ಕಿನ್ಸನ್ ಥರದ ನರರೋಗ ಇರೋರಲ್ಲೂ ಇದು ಜೊತೆಗೂಡಿ ಇರಬಹುದು. ಮುಖ ಸೊಟ್ಟಗಾಗೋದು, ಮಾತು ತಟ್ಟನೆ ತೊದಲೋದು, ಮೂತ್ರ ಕಟ್ಟೋದು, ತೊಡೆಸಂದು ಜೋಮು ಹಿಡಿಯೋದು, ಇಂಥ ಹೊಸದೇನಾದ್ರೂ ಬಂದ್ರೆ 'ಇದೂ ಅದೇ' ಅಂತ ಮನೇಲಿ ಕೂರಬೇಡಿ, ತಕ್ಷಣ ತೋರಿಸಿ. ಅಲ್ಲಿ ಯಾರಾದ್ರೂ ಫೈಲ್ ನೋಡಿ 'ಓ, ಎಫ್‌ಎನ್‌ಡಿ' ಅಂತ ಕೈ ಬೀಸಿದ್ರೂ, ಪರೀಕ್ಷೆ ಮಾಡಿ ಅಂತ ಪಟ್ಟು ಹಿಡೀರಿ.

ಎಡಗಾಲು

ಅಪ್‌ಡೇಟ್. ಮಂಡಿಚಿಪ್ಪು ಅವರ ಉಪಾಯ ಮಾಡಿದೆ. ಗಾದೆ ಹೇಳಿದವರ ಕೈಯನ್ನೇ ಹಿಮ್ಮಡಿ ಕೆಳಗೆ ಇಡಿಸಿದೆ. ಒತ್ತಿದೆ, ಆಗಲಿಲ್ಲ. ಇನ್ನೊಂದು ಕಾಲು ಎತ್ತಿದಾಗ ಅವರ ಕೈ ಸಿಕ್ಕಿಹಾಕ್ಕೊಳ್ತು. ಎರಡು ನಿಮಿಷ ಸುಮ್ಮನಿದ್ದು, 'ಹಾಗಾದ್ರೆ ಕಾಲು ಇದೆ' ಅಂದ್ರು. ಇದೆ, ಅಂದೆ. ಅವರಿಗೆ ಪೂರ್ತಿ ನಂಬಿಕೆ ಬಂದಿದೆ ಅಂತ ನಾನು ಹೇಳಲ್ಲ. ಗಾದೆ ಮಾತ್ರ ನಿಂತಿದೆ.

ಜಾರುಹೆಜ್ಜೆ ಕೋಣೆ ಒಳಗೆ ಬರ್ತಿದೆ. ಬಾಗಿಲು ದಾಟುವಾಗ, ತಿರುಗುವಾಗ ಎಲ್ಲಾ ಕೆಡುತ್ತೆ. ಹೊಸ್ತಿಲ ಹತ್ರ ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ. ಏನು ಮಾಡ್ಲಿ?

ತಂಗಿಯ_ಅಣ್ಣ

ನಮ್ಮ ತಂಗಿ ಹೊಸ್ತಿಲ ನೋಡಂಗೇ ಇಲ್ರಿ. ಆಚಿ ಕಡೆ ಗ್ವಾಡಿಗೆ ಒಂದು ಬಣ್ಣದ ಚೀಟಿ ಅಂಟಿಸ್ಯಾರ, ಅದನ್ನ ನೋಡಕೋತ ದಾಟ್ತಾಳ.

ಪಾದಯಾತ್ರಿ

ಚೀಟಿ ಒಳ್ಳೇ ಉಪಾಯ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯಬೇಡಿ, ದೊಡ್ಡ ಅರ್ಧವೃತ್ತ ಹಾಕಿ, ತಲೆ ಮೊದಲು ತಿರುಗಲಿ, ಕಾಲು ಹಿಂದೆ ಬರುತ್ತೆ. ಹೊಸ್ತಿಲಲ್ಲಿ ಸಿಕ್ಕಿಕೊಂಡ್ರೆ ಮುಂದಕ್ಕೆ ನೂಕಬೇಡಿ. ನಿಲ್ಲಿ, ಉಸಿರು ಬಿಡಿ, ಎಡಬಲ ತೂಗಿ, ಆಮೇಲೆ ಜಾರಿಸಿ. ಅದೂ ಆಗ್ಲಿಲ್ಲ ಅಂದ್ರೆ ತಿರುಗಿ ನಿಂತು ಹಿಂದಕ್ಕೆ ನಡೆದೇ ದಾಟಿ. ನಿಮಗೆ ಅದು ಬರುತ್ತೆ ಅಂತ ಮೊದಲ ದಿನವೇ ಬರೆದಿದ್ರಲ್ಲ.

ಎಡಗಾಲು

ದಾಟಿದೆ. ಹಿಂದೆ ಯಾರಿದ್ದಾರೆ ಅಂತ ನೋಡದೆ ಡಿಕ್ಕಿ ಹೊಡೆದೆ, ಅದು ಬೇರೆ ಮಾತು.